ತೂಕ ಬಿಟ್ಟು ಎತ್ತರ ಅಳೆದೆ

ನಾನು ಅರಿವಳಿಕೆ ಡಾಕ್ಟರ್. ನಮ್ಮ ಆಪರೇಷನ್ ಥಿಯೇಟರಿನಲ್ಲಿ ಮೊದಲು ಎಲ್ಲರಿಗೂ ಟೈಡಲ್ ವಾಲ್ಯೂಮ್, ಅಂದರೆ ಒಂದು ಉಸಿರಿಗೆ ಮೆಷಿನ್ ದೂಡುವ ಗಾಳಿ, 500 ಮಿಲಿ. ದಪ್ಪಗಿದ್ದರೆ 600. 150 ಸೆಂಟಿಮೀಟರ್ ಎತ್ತರದ, 85 ಕಿಲೋ ತೂಕದ ಹೆಂಗಸಿಗೂ ಅಷ್ಟೇ. ಎತ್ತರದ ಲೆಕ್ಕದಲ್ಲಿ ಆಕೆಯ ಶ್ವಾಸಕೋಶ 43 ಕಿಲೋದವರದ್ದು. ತಿಂದು ದಪ್ಪಗಾದರೆ ಶ್ವಾಸಕೋಶವೂ ಬೆಳೆಯುತ್ತಾ?

ಟೈಲರ್ ಟೇಪ್ ತಂದೆ, 20 ರೂಪಾಯಿ. ಎತ್ತರದಿಂದ ಲೆಕ್ಕ ಹಾಕಿದ ಕಿಲೋಗೆ 7 ಮಿಲಿ, ಪೀಪ್ (ಉಸಿರು ಬಿಟ್ಟ ಮೇಲೂ ಶ್ವಾಸಕೋಶದಲ್ಲಿ ಉಳಿಸುವ ಒತ್ತಡ) 5, ನಿಮಿಷಕ್ಕೆ 12ರಿಂದ 18 ಉಸಿರು. ಸರ್ಜನ್ ನಕ್ಕರು. "ಏನ್ ಡಾಕ್ಟ್ರೇ, ಗಾಳಿಗೂ ಜಿಪುಣತನವಾ?"

ಎರಡು ತಿಂಗಳು ಅವರೇ ಗೆದ್ದರು. ಏನೂ ಬದಲಾಗಲಿಲ್ಲ. ಕೊನೆಗೆ ಗೆಳೆಯನ ಹತ್ತಿರ ಉಸಿರಿನ ಗಾಳಿ ಅಳೆಯುವ ಸ್ಪೈರೋಮೀಟರ್ ಎರವಲು ತಂದು ಸೇರಿಸಿದೆ. ಗಾಳಿ ದೂಡುವ ಬೆಲ್ಲೋಸ್‌ನಲ್ಲಿ (ತಿದಿಯಲ್ಲಿ) 320 ಇಟ್ಟಿದ್ದೇನೆ, ಹೊರಗೆ ಬರುತ್ತಿರುವುದು 450ರ ಹತ್ತಿರ! ನಮ್ಮದು ಹಳೇ ಮೆಷಿನ್. ಉಸಿರು ಒಳಗೆ ಹೋಗುವಾಗ ಫ್ರೆಶ್ ಗ್ಯಾಸೂ (ಮೆಷಿನ್‌ಗೆ ಹೊಸದಾಗಿ ಹರಿದು ಬರುವ ಗಾಳಿ) ಜೊತೆಗೆ ನುಗ್ಗುತ್ತದೆ. ನಾನು ಅದನ್ನು ನಿಮಿಷಕ್ಕೆ 6 ಲೀಟರ್ ಬಿಟ್ಟುಕೊಂಡು ಕೂತಿದ್ದೆ. ಫ್ಲೋ 1 ಲೀಟರ್‌ಗೆ ಇಳಿಸಿದೆ. ಡ್ರೈವಿಂಗ್ ಪ್ರೆಷರ್, ಅಂದರೆ ಪ್ರತಿ ಉಸಿರಿಗೆ ಪೀಪ್‌ನ ಮೇಲೆ ಶ್ವಾಸಕೋಶ ತಡೆಯುವ ಒತ್ತಡ, 19-20 ಇದ್ದದ್ದು 12-13ಕ್ಕೆ ಬಂತು.

ಆಸ್ಪತ್ರೆ ಮಾಲೀಕರು ಒಪ್ಪಿದ್ದು ಶ್ವಾಸಕೋಶಕ್ಕಲ್ಲ, ದುಡ್ಡಿಗೆ. ಫ್ಲೋ ಇಳಿದ ಮೇಲೆ, ಹತ್ತು ದಿನಕ್ಕೆ ಮುಗಿಯುತ್ತಿದ್ದ ಸೆವೋಫ್ಲುರೇನ್ (ಅರಿವಳಿಕೆ ಔಷಧಿ) ಬಾಟಲಿ ಸುಮಾರು ತಿಂಗಳು ಬಂತು. ಬಿಟ್ಟ ಉಸಿರಿನ ಕಾರ್ಬನ್ ಡೈಆಕ್ಸೈಡ್ ಹೀರುವ ಸೋಡಾ ಲೈಮ್ ಖರ್ಚು ಮಾತ್ರ ಜಾಸ್ತಿ ಆಯಿತು.

ಒಮ್ಮೆ ಹುಮ್ಮಸ್ಸಿನಲ್ಲಿ ಪೀಪ್ 10 ಹಾಕಿದೆ. ಕರುಳು ಕಟ್ಟಿಕೊಂಡಿದ್ದ ಅಜ್ಜ, ಮೈಯಲ್ಲಿ ನೀರಿಲ್ಲ. ಬಿಪಿ 70. ಸರ್ಜನ್ ಮಾತಾಡಲಿಲ್ಲ, ಮಾನಿಟರ್ ಕಡೆ ನೋಡಿದರು ಅಷ್ಟೇ. 2014ರ ಪ್ರೊವ್‌ಹಿಲೋ ಟ್ರಯಲ್‌ನಲ್ಲಿ ಪೀಪ್ 12 ಹಾಕಿದವರಿಗೆ ಬಿಪಿ ಬಿದ್ದದ್ದೇ ಹೆಚ್ಚು, ಶ್ವಾಸಕೋಶಕ್ಕೆ ಲಾಭ ಇಲ್ಲ. ಅದನ್ನು ಓದಿಯೂ ಮಾಡಿದ್ದೆ. ಈಗ ಫ್ಲೂಯಿಡ್ ಕೊಟ್ಟಾದ ಮೇಲೇ ರಿಕ್ರೂಟ್‌ಮೆಂಟ್ (ಕುಸಿದ ಶ್ವಾಸಕೋಶ ಬಿಡಿಸುವುದು): 30ರ ಪ್ರೆಷರ್, 30 ಸೆಕೆಂಡ್, ಕಣ್ಣು ಬಿಪಿ ಮೇಲೆ.

ಸುಮ್ನೆ ಕುತೂಹಲಕ್ಕೆ ಇಂಡಕ್ಷನ್‌ನಲ್ಲಿ (ಅರಿವಳಿಕೆ ಶುರು ಮಾಡುವಾಗ) 100 ಬದಲು 80 ಪರ್ಸೆಂಟ್ ಆಕ್ಸಿಜನ್ ಕೊಟ್ಟು ನೋಡಿದೆ. ಶ್ವಾಸಕೋಶ ಕಡಿಮೆ ಕುಸಿಯುತ್ತದೆ ಅನ್ನೋದೇನೋ ನಿಜ. ಆದರೆ ದಪ್ಪಗಿದ್ದವರೊಬ್ಬರಲ್ಲಿ ಟ್ಯೂಬ್ ಹಾಕುವಷ್ಟರಲ್ಲಿ ರಕ್ತದ ಆಕ್ಸಿಜನ್ ಸ್ಯಾಚುರೇಶನ್ ಜಾರಿತು. ಅಲ್ಲಿಗೆ ಕೈಬಿಟ್ಟೆ. ತಲೆ ಕಡೆ ಟೇಬಲ್ ಎತ್ತುವುದು ಸಾಕು.

ಗಾಲ್ ಬ್ಲಾಡರ್ ಕೇಸುಗಳಲ್ಲಿ ಮೊದಲು ಹತ್ತರಲ್ಲಿ ನಾಲ್ವರಿಗೆ ಸಂಜೆವರೆಗೂ ಆಕ್ಸಿಜನ್ ಮಾಸ್ಕ್ ಬೇಕಿತ್ತು. ಈಗ ಒಬ್ಬರೋ ಇಬ್ಬರೋ. ಬರೆದಿಟ್ಟ ಲೆಕ್ಕವಲ್ಲ, ವಾರ್ಡ್ ಸಿಸ್ಟರ್ ಹೇಳಿದ್ದು. ಎಚ್ಚರ ಆಗುವ ಹೊತ್ತಿಗೆ ಕೆಮ್ಮದ ಹಾಗೆ ಪೀಪ್ ಉಳಿಸಿಕೊಳ್ಳಲು ನನ್ನದೊಂದು ಉಪಾಯ ಇದೆ. ಅದು ಸದ್ಯ ನನ್ನ ಹತ್ತಿರವೇ ಇರಲಿ.

ಮೊನ್ನೆ ಸರ್ಜನ್ನೇ ಕೇಳಿದರು, "ಟೇಪ್ ಎಲ್ಲಿ ಡಾಕ್ಟ್ರೇ?"