ಜೀಜೀ ಗಿಡ: ಕೆಳಗಿನ ಗೆಡ್ಡೆ ತಿಳಿದರೆ ಅರ್ಧ ಕೆಲಸ ಮುಗೀತು

‘ನೀರು ಕಮ್ಮಿ ಹಾಕಿ’ ಅಂತ, ಮನೆಯೊಳಗೆ ಕುಂಡದಲ್ಲಿ ಬೆಳೆಸುವ ಜೀಜೀ (ZZ) ಗಿಡ ಕೊಡುವಾಗ ನರ್ಸರಿಯವರೆಲ್ಲ ಹೇಳುತ್ತಾರೆ. ಕಮ್ಮಿ ಅಂದರೆ ಎಷ್ಟು, ಯಾಕೆ ಅಂತ ಯಾರೂ ಬಿಡಿಸಿ ಹೇಳುವುದಿಲ್ಲ. ನನಗೆ ಅದು ಗೊತ್ತಾಗಿದ್ದು ಮೊದಲ ಸಲ ಕುಂಡ ಬದಲಾಯಿಸಿದಾಗ.

ನರ್ಸರಿಯಿಂದ ಬಂದ ಕಪ್ಪು ಪ್ಲಾಸ್ಟಿಕ್ ಕುಂಡ ಒಂದು ಕಡೆ ಉಬ್ಬಿತ್ತು. ಗಿಡ ಹಿಡಿದು ಎಳೆದರೆ ಅಲ್ಲಾಡಲಿಲ್ಲ. ಕೊನೆಗೆ ಕತ್ತರಿಯಲ್ಲಿ ಕುಂಡವನ್ನೇ ಸೀಳಿದೆ. ಒಳಗೆ ಮಣ್ಣಿಗಿಂತ ಗೆಡ್ಡೆಯೇ ಜಾಸ್ತಿ! ತಿಳಿ ಕಂದು ಬಣ್ಣದವು, ಆಲೂಗಡ್ಡೆಯಷ್ಟು ದಪ್ಪ, ಒಂದಕ್ಕೊಂದು ಒತ್ತಿಕೊಂಡು ಕೂತಿದ್ದವು. ಒಂದರ ತಲೆಯಲ್ಲಿ ಚೂಪಾದ ಹಸಿರು ಮೊಳಕೆ ಇಣುಕುತ್ತಿತ್ತು. ಗಿಡದ ನಿಜವಾದ ಕಾಂಡ ಈ ಗೆಡ್ಡೆಯೇ. ನಾವು ಕಾಂಡ ಅಂದುಕೊಳ್ಳುವ ಮೇಲಿನ ದಪ್ಪ ಕಡ್ಡಿ ಎಲೆಯ ದಂಟು. ಎರಡೂ ಬದಿಗೆ ಸಾಲಾಗಿ ಹೊಳೆಯುವ ಚಿಕ್ಕ ಎಲೆಗಳೆಲ್ಲ ಆ ಒಂದೇ ಎಲೆಯ ಭಾಗಗಳು. ಗೆಡ್ಡೆ, ದಂಟು, ಎಲೆ ಮೂರರಲ್ಲೂ ನೀರು ತುಂಬಿರುತ್ತದೆ. ಅದರ ಮೇಲೆ ನಾವು ದಿನಾ ಒಂದು ಚೊಂಬು ಸುರಿದರೆ ಗೆಡ್ಡೆ ಕೊಳೆಯದೆ ಇನ್ನೇನಾಗುತ್ತೆ?

ಊರಿಂದ ಬಂದ ಅಮ್ಮ ಗೆಡ್ಡೆ ನೋಡಿದವರೇ, ‘ಇದು ಕೆಸುವಿನ ಜಾತಿಯದ್ದು ಕಣೋ’ ಅಂದರು. ಸರಿಯಾಗೇ ಹೇಳಿದ್ದರು. ಕೆಸು, ಸುವರ್ಣಗೆಡ್ಡೆ, ಆಂಥೂರಿಯಂ, ಜೀಜೀ ಎಲ್ಲ ಒಂದೇ ಕುಟುಂಬ. ಅಪರೂಪಕ್ಕೆ ಬುಡದಲ್ಲಿ ಬಿಡುವ ಇದರ ಹೂ ನೋಡಿದರೆ ನಂಟು ತಿಳಿಯುತ್ತದೆ. ಮೋಟು ಕಡ್ಡಿಯಂಥ ಹೂ, ಚಂದವೇನೂ ಇಲ್ಲ. ಆದರೆ ಬಚ್ಚಲ ನೀರು ಹರಿಯುವಲ್ಲಿ ಸೊಂಪಾಗಿ ಬೆಳೆಯುವ ಕೆಸುವಿಗೂ ಇದಕ್ಕೂ ಸ್ವಭಾವ ಪೂರ್ತಿ ಬೇರೆ. ಇದರ ತವರು ಪೂರ್ವ ಆಫ್ರಿಕಾ, ಕೀನ್ಯಾದಿಂದ ದಕ್ಷಿಣ ಆಫ್ರಿಕಾದವರೆಗೆ. ಅಲ್ಲಿ ಮಳೆ ನಿಂತರೆ ತಿಂಗಳುಗಟ್ಟಲೆ ಒಣಹವೆ. ತೀರಾ ಬರ ಬಂದರೆ ಎಲೆಗಳನ್ನೆಲ್ಲ ಉದುರಿಸಿ, ಗೆಡ್ಡೆಯ ನೀರಲ್ಲೇ ಜೀವ ಹಿಡಿದಿರುತ್ತದೆ. ಇದು ಪ್ರಪಂಚದ ಮನೆಗಳಿಗೆಲ್ಲ ಹರಡಿದ್ದು 1990ರ ದಶಕದ ನಂತರ, ನೆದರ್ಲೆಂಡ್ಸ್‌ನ ನರ್ಸರಿಗಳು ದೊಡ್ಡ ಪ್ರಮಾಣದಲ್ಲಿ ಬೆಳೆಸಲು ಶುರು ಮಾಡಿದ ಮೇಲೆ.

ಹಾಗಾಗಿ ನಾನು ವಾರ, ತಾರೀಕು ನೋಡಿ ನೀರು ಹಾಕುವುದಿಲ್ಲ. ಉರಿದು ಮುಗಿದ ಊದುಬತ್ತಿಯ ಕಡ್ಡಿಯನ್ನು ಕುಂಡದ ತಳದವರೆಗೆ ಚುಚ್ಚಿ ತೆಗೆಯುತ್ತೇನೆ. ಕಡ್ಡಿಗೆ ಮಣ್ಣು ಅಂಟಿದರೆ ಆವತ್ತು ನೀರಿಲ್ಲ. ಮೇಲ್ಮಣ್ಣು ಮುಟ್ಟಿ ನೋಡಿ ಪ್ರಯೋಜನವಿಲ್ಲ, ಅದು ಬೇಗ ಒಣಗುತ್ತೆ, ತಳ ಹಸಿಯಾಗೇ ಇರುತ್ತೆ. ಬೆಂಗಳೂರಿನ ನಮ್ಮ ಮನೆಯಲ್ಲಿ ಬೇಸಿಗೆಗೆ ಸುಮಾರು 15 ದಿನಕ್ಕೊಮ್ಮೆ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಹಾಕಿದರೆ ಸಾಕಾಗುತ್ತದೆ. ಹಾಕಿದಾಗ ಮಾತ್ರ ತಳದ ತೂತಿಂದ ಹರಿಯುವಷ್ಟು ಹಾಕಬೇಕು. ಬಾಯಾರಿದ್ದರೆ ದಂಟಿನ ಮೇಲೆ ಉದ್ದುದ್ದ ಸುಕ್ಕು ಕಾಣುತ್ತದೆ, ಅದು ನೀರು ಕುಡಿದು ಸರಿಹೋಗುತ್ತೆ. ಹಳೇ ದಂಟೊಂದು ಹಳದಿಯಾದರೆ ವಯಸ್ಸಾಯ್ತು ಅಂತ ಅರ್ಥ. ನಾಲ್ಕೈದು ಒಟ್ಟಿಗೆ ಹಳದಿಯಾಗಿ, ಬುಡ ಮೆತ್ತಗಾದರೆ ಕೂಡಲೇ ಕಿತ್ತು ನೋಡಿ. ಕೊಳೆತದ್ದನ್ನು ಕತ್ತರಿಸಿ ತೆಗೆದು, ಉಳಿದದ್ದನ್ನು ಒಣ ಮಣ್ಣಿಗೆ ಹಾಕಬಹುದು.

ಮಣ್ಣಿಗೆ ಕೆಂಪು ಮಣ್ಣು, ದಪ್ಪ ಮರಳು, ಸ್ವಲ್ಪ ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಒಂದು ಹಿಡಿ ಎರೆಗೊಬ್ಬರ. ಬರೀ ಕೋಕೋಪೀಟ್ ಬೇಡವೇ ಬೇಡ. ತೂತಿಲ್ಲದ ಸೆರಾಮಿಕ್ ಕುಂಡ ಎಷ್ಟೇ ಚೆಂದ ಇರಲಿ, ನನ್ನ ಪ್ರಕಾರ ಅದು ಪೆನ್ನು ಇಡಲು ಲಾಯಕ್ಕು. ಹೊಸ ಕುಂಡ ಹಳೆಯದಕ್ಕಿಂತ ಒಂದೇ ಸೈಜ್ ದೊಡ್ಡದಿರಲಿ.

ಕತ್ತಲಲ್ಲೂ ಬೆಳೆಯುತ್ತೆ ಅನ್ನುತ್ತಾರೆ. ಬದುಕುತ್ತೆ ಅಷ್ಟೇ. ಬೆಳಕು ಸಾಲದಿದ್ದರೆ ದಂಟು ಸೊರಗಿ, ಎಲೆಗಳ ನಡುವೆ ಅಂತರ ಜಾಸ್ತಿಯಾಗಿ ವಾಲುತ್ತದೆ. ಕಿಟಕಿ ಪಕ್ಕ, ನೇರ ಬಿಸಿಲು ಬೀಳದ ಜಾಗವೇ ಒಳ್ಳೆಯದು.

ಕೆಸುವಿನಲ್ಲಿ ಬಾಯಿ ಕೆರೆಸುವ ಕ್ಯಾಲ್ಸಿಯಂ ಆಕ್ಸಲೇಟ್ ಇದರಲ್ಲೂ ಇದೆ. ಕತ್ತರಿಸಿದ ಮೇಲೆ ಕೈ ತೊಳೆದುಕೊಳ್ಳಿ, ಮಗು, ಬೆಕ್ಕು ಕಚ್ಚದಂತೆ ಇಡಿ. ಕ್ಯಾನ್ಸರ್ ಬರುತ್ತೆ ಅಂತ ಹರಿದಾಡುವ ಮಾತಿಗೆ ಮಾತ್ರ ಯಾವ ಆಧಾರವೂ ಇಲ್ಲ.

ಒಂದು ಚಿಕ್ಕ ಎಲೆ ಕಿತ್ತು ಹಸಿ ಮರಳಿಗೆ ಚುಚ್ಚಿದರೂ ಹೊಸ ಗಿಡವಾಗುತ್ತದೆ. ಮೊದಲು ಎಲೆಯ ಬುಡದಲ್ಲಿ ಬಟಾಣಿಯಷ್ಟು ಗೆಡ್ಡೆ ಕಟ್ಟುತ್ತೆ, ಚಿಗುರು ಬರಲು ಒಂದು ವರ್ಷವೂ ಹಿಡಿಯಬಹುದು. ಅಷ್ಟು ತಾಳ್ಮೆ ಇಲ್ಲದ ಸ್ನೇಹಿತರು ಕೇಳಿದರೆ ನಾನು ಗೆಡ್ಡೆಯನ್ನೇ ಬಿಡಿಸಿ ಕೊಡುತ್ತೇನೆ. ಒಂದಾದರೂ ದಂಟು, ಸ್ವಲ್ಪ ಬೇರು ಇರುವ ಗೆಡ್ಡೆ ಆರಿಸಬೇಕು. ಕತ್ತರಿಸಿದ ಜಾಗ ಒಂದೆರಡು ದಿನ ನೆರಳಲ್ಲಿ ಒಣಗಲಿ, ಆಮೇಲೆ ನೆಡಿ. ನೆಟ್ಟ ಮೊದಲ ವಾರ ನೀರು ಬೇಡ.