ಚಾನೆಲ್ ಕಿರಿದು ಮಾಡಿ ಕೇಬಲ್‌ನವರ ಎದುರು ನಿಂತೆ

ಟವರ್‌ಗಳಿಂದ ಮನೆಗಳಿಗೆ ರೇಡಿಯೋ ಅಲೆಗಳಲ್ಲಿ ಇಂಟರ್ನೆಟ್ ಕೊಡುವುದು ನನ್ನ ಕಸುಬು. ಆ ಅಲೆಗಳು ಹರಿಯುವ ಚಾನೆಲ್ ಕಿರಿದಾದಷ್ಟೂ ಗರಿಷ್ಠ ವೇಗ ಕಡಿಮೆ. ಅಂಥ ಚಾನೆಲ್‌ನ ಅಗಲವನ್ನು 80 ಮೆಗಾಹರ್ಟ್ಸ್‌ನಿಂದ 20ಕ್ಕೆ ಇಳಿಸುತ್ತೇನೆ ಎಂದಾಗ ಇದೇ ಕಸುಬಿನ ಗೆಳೆಯರೆಲ್ಲ ನಕ್ಕರು. ಕೇಬಲ್‌ನವರು ವೇಗ ಏರಿಸುತ್ತಿರುವಾಗ ಇವನು ಇಳಿಸುತ್ತಾನಂತೆ! ಒಂದೂವರೆ ವರ್ಷವಾಯಿತು. ನನ್ನನ್ನು ಬಿಟ್ಟುಹೋಗಿದ್ದ ಸುಮಾರು 40 ಮನೆಗಳಲ್ಲಿ 26 ಮರಳಿ ಬಂದಿವೆ.

ಮೊದಲ ಎರಡು ವರ್ಷ ನಾನೂ ಮೆಗಾಬಿಟ್‌ಗಳ ಬೆನ್ನು ಹತ್ತಿ ಕೈ ಸುಟ್ಟುಕೊಂಡವನೇ. ಒಂದು ಮನೆಗೆ ರೇಡಿಯೋ, ಕಂಬ, ಕೂಲಿ ಸೇರಿ ಹೆಚ್ಚುಕಡಿಮೆ 11 ತಿಂಗಳ ಶುಲ್ಕದಷ್ಟು ಖರ್ಚು. ಗ್ರಾಹಕರು ಎಂಟನೇ ತಿಂಗಳಿಗೆ ಕೇಬಲ್‌ನ ರಿಯಾಯಿತಿ ನೋಡಿ ಎದ್ದುಹೋದರೆ ಉಳಿದ ಮೂರು ತಿಂಗಳ ಹೊರೆ ನನ್ನ ಮೇಲೆ. ಮೈನಸ್ 77, 78ರಷ್ಟು ದುರ್ಬಲ (ಮೈನಸ್ ಅಂಕಿ ದೊಡ್ಡದಾದಷ್ಟೂ ಕ್ಷೀಣ) ಸಿಗ್ನಲ್‌ನ ಮನೆಗಳನ್ನೂ ಆಸೆಗೆ ಸೇರಿಸಿಕೊಂಡಿದ್ದೆ. ಅಂಥ ಒಂದು ಮನೆಯವರು ಸಿನಿಮಾ ಇಳಿಸಿಕೊಳ್ಳಲು ಕುಳಿತರೆ ಇಡೀ ಸೆಕ್ಟರ್‌ನ, ಅಂದರೆ ಟವರ್‌ನ ಆ ದಿಕ್ಕಿನ ಎಲ್ಲ ಮನೆಗಳು ಹಂಚಿಕೊಳ್ಳುವ, ಏರ್‌ಟೈಮ್ (ಪ್ರಸಾರದ ಸಮಯ) ಮುಗಿಯಿತು. ಬೈಗುಳ ಬರುತ್ತಿದ್ದದ್ದು ಮಾತ್ರ ಸಿಗ್ನಲ್ ಚೆನ್ನಾಗಿದ್ದ ಮನೆಗಳಿಂದ.

ಚಾನೆಲ್ ಅರ್ಧಕ್ಕಿಳಿದಾಗಲೆಲ್ಲ ರೇಡಿಯೋಗೆ ಕೇಳುವ ಬೇಡದ ಗದ್ದಲ 3 ಡೆಸಿಬೆಲ್, ಅಂದರೆ ಅರ್ಧದಷ್ಟು, ಇಳಿಯುತ್ತದೆ. 80ರಿಂದ 20ಕ್ಕೆ ಎರಡು ಸಲ ಅರ್ಧವಾಗಿ ನನಗೆ ದಕ್ಕಿದ್ದು 6. ಜೊತೆಗೆ ಹಾರ್ನ್ ಆಂಟೆನಾ ಹಾಕಿದೆ. ಅದರ ಗೇನ್ (ಸಿಗ್ನಲ್ಲನ್ನು ಒಂದೇ ದಿಕ್ಕಿಗೆ ಕೇಂದ್ರೀಕರಿಸುವ ಬಲ) ಕಡಿಮೆ, ಆದರೆ ಅಕ್ಕಪಕ್ಕದ ಟವರ್‌ಗಳಿಗೆ ಅದು ಕಿವುಡು. ಮೈನಸ್ 65ಕ್ಕಿಂತ ದುರ್ಬಲವಾದ ಮನೆಗಳನ್ನು ಹತ್ತಿರದ ತಾರಸಿಗಳ ಸಣ್ಣ ರಿಲೇಗಳಿಗೆ (ಸಿಗ್ನಲ್ ಮುಂದಕ್ಕೆ ದಾಟಿಸುವ ರೇಡಿಯೋಗಳಿಗೆ) ಸಾಗಿಸಿದೆ. ಒಂಬತ್ತು ಮನೆಗಳಿಗೆ ಆಗುವುದಿಲ್ಲ ಎಂದು ಕೈಮುಗಿದೆ. ಆ ತಿಂಗಳ ಲೆಕ್ಕ ನೋಡಿ ನಮ್ಮ ಮನೆಯವರು ಎರಡು ದಿನ ಮಾತು ಬಿಟ್ಟಿದ್ದರು.

ಗೆದ್ದದ್ದು ಸರತಿಯಲ್ಲಿ. ಪ್ರತಿ ಮನೆಗೂ ಕೇಕ್ (CAKE) ಸರತಿ, ಅಂದರೆ ಡೇಟಾ ಸಾಲುಗಟ್ಟಿ ಕಾಯದಂತೆ ನೋಡಿಕೊಳ್ಳುವ ತಂತ್ರಾಂಶ, ಹಾಕಿ, ಮಿತಿಯನ್ನು ರೇಡಿಯೋದ ನಿಜವಾದ ಸಾಮರ್ಥ್ಯಕ್ಕಿಂತ ತುಸು ಕೆಳಗಿಟ್ಟೆ. ಎಷ್ಟು ಕೆಳಗೆ, ಯಾವ ಹೊತ್ತಿನಲ್ಲಿ ಅದನ್ನು ಬದಲಿಸುತ್ತೇನೆ ಎಂಬುದು ನನ್ನಲ್ಲೇ ಇರಲಿ. ರಾತ್ರಿ ಎಂಟಕ್ಕೆ ಅಪ್‌ಲೋಡ್ ತುಂಬಿ ಹರಿಯುವಾಗಲೂ ನನ್ನ ಪಿಂಗ್ (ಡೇಟಾ ಹೋಗಿಬರುವ ಸಮಯ) 20–25 ಮಿಲಿಸೆಕೆಂಡ್. ಅದೇ ಬೀದಿಯ ಕೇಬಲ್ ಸಂಪರ್ಕದಲ್ಲಿ 300 ದಾಟಿದ್ದನ್ನು ಗ್ರಾಹಕರ ಮುಂದೆಯೇ ಅಳೆದು ತೋರಿಸಿದ್ದೇನೆ. ವಿಡಿಯೋ ಸಭೆಯಲ್ಲಿ ಮುಖ ಹೆಪ್ಪುಗಟ್ಟಿದವರಿಗೆ ಬೇರೆ ಜಾಹೀರಾತು ಬೇಕಾಗಲಿಲ್ಲ.

ನಡುವೆ 60 ಗಿಗಾಹರ್ಟ್ಸ್‌ನ ಹುಚ್ಚೂ ಹತ್ತಿತ್ತು. ಗಾಳಿಯ ಆಮ್ಲಜನಕವೇ ಆ ಅಲೆಗಳನ್ನು ಕಿಲೋಮೀಟರಿಗೆ ಸುಮಾರು 15 ಡೆಸಿಬೆಲ್ ನುಂಗುತ್ತದೆ ಎಂದು ಗೊತ್ತಿದ್ದೂ 1.1 ಕಿಲೋಮೀಟರ್ ಎಳೆದೆ. ಮೊದಲ ಜೋರು ಮಳೆಗೇ ಲಿಂಕ್ ಮಲಗಿತು. ಈಗ 400 ಮೀಟರ್ ಒಳಗಿನ ರಿಲೇಗಳಿಗೆ ಮಾತ್ರ ಅದು, ಅದಕ್ಕೂ 5 ಗಿಗಾಹರ್ಟ್ಸ್‌ನ ಆಸರೆ ಇಟ್ಟಿದ್ದೇನೆ.

ಇನ್ನೂ ಬಗೆಹರಿಯದ ತಲೆನೋವು ಡಿಎಫ್‌ಎಸ್, ಅಂದರೆ ರೇಡಾರ್‌ಗೆ ದಾರಿ ಬಿಡಲು ರೇಡಿಯೋ ತಾನೇ ಚಾನೆಲ್ ಬದಲಿಸುವ ವ್ಯವಸ್ಥೆ. ರೇಡಾರ್ ಕಂಡಿತೆಂದು ರೇಡಿಯೋ ಚಾನೆಲ್ ಬಿಟ್ಟರೆ 30 ನಿಮಿಷ ಅದನ್ನು ಮತ್ತೆ ಮುಟ್ಟುವಂತಿಲ್ಲ. ಪೂರ್ವದ ಸೆಕ್ಟರ್ ವಾರಕ್ಕೆ ಎರಡು ಸಲ ಹೀಗೆ ಹಾರುತ್ತಿದೆ. ಯಾರದೋ ರೇಡಿಯೋವನ್ನೇ ರೇಡಾರ್ ಎಂದು ತಿಳಿಯುತ್ತಿದೆಯೆಂಬ ಅನುಮಾನ. ಈ ವಾರ ಟವರ್ ಹತ್ತಿ ನೋಡಬೇಕು.