ಇಗ್ನಿಷನ್ ಲಾಕ್ ಬದಲಿಸಿದ ಮೇಲೆ ಗಾಡಿ ಸ್ಟಾರ್ಟ್ ಆಗ್ತಿಲ್ವಾ? ಹಳೇ ಕೀ ಎಸೆಯಬೇಡಿ

ಹೊಸ ಇಗ್ನಿಷನ್ ಲಾಕ್ ಕೂರಿಸಿದ್ದೀರಿ. ಕೀ ಸಲೀಸಾಗಿ ತಿರುಗುತ್ತದೆ, ಸ್ಟಾರ್ಟರ್ ಕೂಡ ಸುತ್ತುತ್ತದೆ, ಆದರೆ ಎಂಜಿನ್ ಹಿಡಿಯುವುದಿಲ್ಲ. ಹಿಡಿದರೂ ಒಂದೆರಡು ಸೆಕೆಂಡಿನಲ್ಲಿ ನಿಂತುಬಿಡುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಕೀ ಅಥವಾ ಬೀಗದ ಚಿತ್ರದ ದೀಪ ಮಿಣುಕುತ್ತಿರುತ್ತದೆ. ಗಾಡಿ ವೈರಿಂಗ್ ನನ್ನ ಕಸುಬು. ಈ ದೂರು ಹೊತ್ತು ಬಂದವರೆಲ್ಲ ಹೇಳುವುದು ಒಂದೇ ಮಾತು, "ಹೊಸ ಪಾರ್ಟೇ ಸರಿ ಇಲ್ಲ ಸಾರ್" ಅಂತ. ಹೆಚ್ಚಿನ ಸಲ ಪಾರ್ಟ್ ಚೆನ್ನಾಗಿಯೇ ಇರುತ್ತದೆ. ನಾನು ವಾಪಸ್ ಕೇಳುವುದು, "ಹಳೇ ಕೀ ಎಲ್ಲಿದೆ?"

ಚಿಪ್ ಕೀ ಇರುವ ಗಾಡಿಯಲ್ಲಿ ನಡೆಯುವುದು ಎರಡು ಬೇರೆ ಬೇರೆ ಕೆಲಸ. ಕೀಯ ಲೋಹದ ಭಾಗ ಲಾಕನ್ನು ತಿರುಗಿಸುತ್ತದೆ, ಅಷ್ಟೇ. ಕೀಯ ಪ್ಲಾಸ್ಟಿಕ್ ತಲೆಯೊಳಗೆ ಒಂದು ಪುಟ್ಟ ಚಿಪ್ ಇರುತ್ತದೆ. ಅದಕ್ಕೆ ಬ್ಯಾಟರಿ ಬೇಕಿಲ್ಲ. ಲಾಕ್ ಬಾಯಿಯ ಸುತ್ತ ಇರುವ ಆಂಟೆನಾ ರಿಂಗ್ ಅದಕ್ಕೆ ಸಾಮಾನ್ಯವಾಗಿ 125 ಅಥವಾ 134.2 ಕಿಲೋಹರ್ಟ್ಸ್ ತರಂಗದಲ್ಲಿ ಶಕ್ತಿ ಕೊಡುತ್ತದೆ, ಚಿಪ್ ತನ್ನ ಗುರುತು ಹೇಳುತ್ತದೆ. ಆ ಗುರುತು ಇಮೊಬಿಲೈಸರ್‌ನ, ಅಂದರೆ ಗುರುತಿಲ್ಲದ ಕೀಗೆ ಎಂಜಿನ್ ಹಿಡಿಯದಂತೆ ತಡೆಯುವ ಕಳ್ಳತನ-ತಡೆ ವ್ಯವಸ್ಥೆಯ, ಪಟ್ಟಿಯಲ್ಲಿ ಇದ್ದರೆ ಸರಿ. ಇಲ್ಲದಿದ್ದರೆ ಪೆಟ್ರೋಲ್ ಇಂಜೆಕ್ಷನ್ ಬಂದ್, ಕೆಲವು ಗಾಡಿಗಳಲ್ಲಿ ಸ್ಟಾರ್ಟರ್ ಕೂಡ ಬಂದ್. ಹೊಸ ಲಾಕ್ ಜೊತೆ ಬರುವ ಕೀಯಲ್ಲಿ ಎಷ್ಟೋ ಸಲ ಚಿಪ್ ಇರುವುದೇ ಇಲ್ಲ. ಇದ್ದರೂ ನಿಮ್ಮ ಗಾಡಿಗೆ ಅದು ಅಪರಿಚಿತ.

ರಿಮೋಟ್ ಒತ್ತಿದರೆ ಬಾಗಿಲು ತೆರೆಯುತ್ತದಲ್ಲ, ಕೀ ಸರಿ ಇರಬೇಕು ಅಲ್ವಾ ಅಂತ ಕೆಲವರು ಕೇಳುತ್ತಾರೆ. ರಿಮೋಟ್ ಬೇರೆ, ಚಿಪ್ ಬೇರೆ. ರಿಮೋಟ್ ಬ್ಯಾಟರಿ ಬದಲಿಸಿ ಕೂತರೆ ಏನೂ ಆಗದು.

ಮೊದಲು ಈ ಪರೀಕ್ಷೆ ಮಾಡಿ, ಇದಕ್ಕೆ ಖರ್ಚೇ ಇಲ್ಲ. ಹಳೇ ಕೀಯ ತಲೆಯನ್ನು ಲಾಕ್ ಬಾಯಿಗೆ ಒತ್ತಿ ಹಿಡಿದು, ಹೊಸ ಕೀಯಿಂದ ಸ್ಟಾರ್ಟ್ ಮಾಡಿ. ಎಂಜಿನ್ ಹಿಡಿದು ಓಡಿತೋ, ಲಾಕ್, ಆಂಟೆನಾ, ಇಮೊಬಿಲೈಸರ್ ಎಲ್ಲಾ ಚೆನ್ನಾಗಿವೆ. ಕೊರತೆ ಚಿಪ್‌ನದು ಮಾತ್ರ. ಒಂದು ಎಚ್ಚರ: ಹೊಸ ಕೀಯಲ್ಲೂ ಚಿಪ್ ಇದ್ದರೆ ಎರಡೂ ಒಟ್ಟಿಗೆ ಮಾತಾಡಿ ಗೊಂದಲವಾಗುತ್ತದೆ. ಆಗ ಅದರ ಚಿಪ್ ತೆಗೆದು ನೋಡಿ, ಇಲ್ಲವೇ ಚಿಪ್ ಇಲ್ಲದ ಬರೀ ಲೋಹದ ನಕಲು ಕತ್ತರಿಸಿಕೊಂಡು ನೋಡಿ.

ಹಳೇ ಕೀ ಒತ್ತಿ ಹಿಡಿದರೂ ಎಂಜಿನ್ ಹಿಡಿಯಲಿಲ್ಲವೆಂದರೆ ಆಂಟೆನಾ ರಿಂಗ್ ನೋಡಿ. ಲಾಕ್ ಬಿಚ್ಚುವಾಗ ಅದನ್ನು ಜರುಗಿಸಿರುತ್ತಾರೆ, ವಾಪಸ್ ಸಿಕ್ಕಿಸುವಾಗ ಕನೆಕ್ಟರ್ ಪೂರ್ತಿ ಕೂತಿರುವುದಿಲ್ಲ. ಕವರ್ ಹಾಕುವಾಗ ಸಣ್ಣ ವೈರ್ ಸಿಕ್ಕಿ ತುಂಡಾಗಿರುವುದೂ ಉಂಟು. ಸ್ಟೀರಿಂಗ್ ಸುತ್ತ ಕೈ ಹಾಕುವ ಮುನ್ನ ಬ್ಯಾಟರಿಯ ನೆಗೆಟಿವ್ ತೆಗೆದು, ಮ್ಯಾನುಯಲ್ ಹೇಳುವಷ್ಟು ಹೊತ್ತು ಕಾಯಿರಿ. ಅಲ್ಲಿ ಏರ್‌ಬ್ಯಾಗ್ ಇದೆ, ಆಟ ಬೇಡ.

ಗಾಡಿಯ ಕಂಪ್ಯೂಟರಿನ ದೋಷದ ಕೋಡ್ ಓದುವ ಸ್ಕ್ಯಾನರ್ ಇದ್ದರೆ ಹಚ್ಚಿ ನೋಡಿ. ಪಿ0513 ಬಂದರೆ ಕೀ ಗುರುತು ತಾಳೆಯಾಗುತ್ತಿಲ್ಲ ಎಂದರ್ಥ. ಪಿ0633 ಬಂದರೆ ಕೀಯನ್ನು ಎಂಜಿನ್ ಕಂಪ್ಯೂಟರಿಗೆ ಪರಿಚಯ ಮಾಡಿಸಿಲ್ಲ. ಕೋಡ್ ಅಳಿಸಿದರೆ ಗಾಡಿ ಓಡುತ್ತದೆ ಅಂದುಕೊಳ್ಳಬೇಡಿ.

ಇನ್ನು ಪರಿಹಾರ. ನನಗೆ ಇಷ್ಟವಾದದ್ದು ಹೊಸ ಲಾಕಿನ ಒಳಗಿನ ಸಣ್ಣ ಲೋಹದ ಬಿಲ್ಲೆಗಳನ್ನು ಹಳೇ ಕೀಗೆ ಹೊಂದುವಂತೆ ಜೋಡಿಸಿಕೊಳ್ಳುವುದು. ಕೀ ಕೆಲಸ ಬಲ್ಲವರಿಗೆ ಇದು ದೊಡ್ಡ ವಿಷಯವಲ್ಲ. ಬಾಗಿಲಿಗೂ ಇಗ್ನಿಷನ್ನಿಗೂ ಒಂದೇ ಕೀ ಉಳಿಯುತ್ತದೆ, ಪ್ರೋಗ್ರಾಮಿಂಗ್, ಅಂದರೆ ಕೀಯನ್ನು ಗಾಡಿಗೆ ಪರಿಚಯ ಮಾಡಿಸುವ ತಂಟೆಯೇ ಇಲ್ಲ. ಎರಡನೆಯದು, ಹಳೇ ಚಿಪ್ ತೆಗೆದು ಹೊಸ ಕೀಯ ತಲೆಗೆ ಹಾಕುವುದು. ಕೆಲವು ಚಿಪ್ ಗಾಜಿನ ಸಣ್ಣ ಕೊಳವೆ, ಕೈ ಜಾರಿದರೆ ಕಥೆ ಮುಗಿಯಿತು. ಕೆಲವದರಲ್ಲಿ ರಿಮೋಟ್ ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಗ ಬೋರ್ಡನ್ನೇ ಸಾಗಿಸಬೇಕು. ಮೂರನೆಯದು ಹೊಸ ಚಿಪ್ ಕೀಯನ್ನು ಪ್ರೋಗ್ರಾಮ್ ಮಾಡಿಸುವುದು. ಆಗ ಮನೆಯಲ್ಲಿರುವ ಎಲ್ಲಾ ಕೀ ಒಯ್ಯಿರಿ. ಕೆಲವು ಗಾಡಿಗಳಲ್ಲಿ ಹೊಸದನ್ನು ಸೇರಿಸುವಾಗ ಹಳೇ ಪಟ್ಟಿ ಪೂರಾ ಅಳಿಸಿಹೋಗುತ್ತದೆ. ಅನೇಕ ಫೋರ್ಡ್ ಗಾಡಿಗಳಲ್ಲಿ ಮಾಲೀಕರೇ ಮೂರನೇ ಕೀ ಸೇರಿಸಿಕೊಳ್ಳಬಹುದು, ಆದರೆ ಈಗಾಗಲೇ ಒಪ್ಪಿಗೆಯಾದ ಎರಡು ಕೀ ಕೈಯಲ್ಲಿರಬೇಕು. ಒಂದೇ ಇದ್ದರೆ ಸ್ಕ್ಯಾನರ್ ಇರುವವರ ಹತ್ತಿರ ಹೋಗಲೇಬೇಕು.

ಜನರಲ್ ಮೋಟಾರ್ಸ್ 1990ರ ದಶಕದಲ್ಲಿ ತಂದ ಪಾಸ್‌ಲಾಕ್ ಎಂಬ ಕಳ್ಳತನ-ತಡೆ ವ್ಯವಸ್ಥೆ ಮಾತ್ರ ಇದಕ್ಕೆಲ್ಲ ಹೊರತು. ಅದರ ಕೀಯಲ್ಲಿ ಚಿಪ್ ಇಲ್ಲ, ಸೆನ್ಸರ್ ಲಾಕ್ ಭಾಗದಲ್ಲೇ ಇರುತ್ತದೆ. ಲಾಕ್ ಬದಲಿಸಿದರೆ ಗಾಡಿಗೆ ಅದನ್ನು ಮತ್ತೆ ಕಲಿಸಬೇಕು. ಕೀ ತಿರುಗಿಸಿ ಸ್ಟಾರ್ಟ್ ಮಾಡಲು ನೋಡಿ, ಹಿಡಿಯದಿದ್ದರೆ ಆನ್‌ನಲ್ಲೇ ಬಿಡಿ. ಸುಮಾರು 10 ನಿಮಿಷಕ್ಕೆ ಸೆಕ್ಯುರಿಟಿ ದೀಪ ಆರುತ್ತದೆ. ಆಫ್ ಮಾಡಿ, ಹತ್ತು ಸೆಕೆಂಡ್ ತಡೆದು ಮತ್ತೆ ಅದೇ. ಒಟ್ಟು ಮೂರು ಸುತ್ತು, ಅರ್ಧ ಗಂಟೆ. ಆಮೇಲೆ ಆಫ್ ಮಾಡಿ ಸ್ಟಾರ್ಟ್ ಮಾಡಿ. ನಡುವೆ ತಾಳ್ಮೆಗೆಟ್ಟು ಕೀ ತಿರುಗಿಸಿದರೆ ಮೊದಲಿಂದ ಶುರು. ಬ್ಯಾಟರಿ ತುಂಬಿರಲಿ.

ಒಂದು ವಿಷಯ ನೆನಪಿರಲಿ, ನೀವು ಬದಲಿಸಿದ್ದು ಯಾವ ಭಾಗ? ಲಾಕಿನ ಹಿಂದಿರುವ ವಿದ್ಯುತ್ ಸ್ವಿಚ್, ಇಗ್ನಿಷನ್ ಕಾಯಿಲ್, ಸ್ಪಾರ್ಕ್ ಪ್ಲಗ್ ಇವಕ್ಕೂ ಚಿಪ್‌ಗೂ ಸಾಮಾನ್ಯವಾಗಿ ನೇರ ಸಂಬಂಧ ಇಲ್ಲ. ಆಗಲೂ ದೀಪ ಮಿಣುಕಿದರೆ ಫ್ಯೂಸ್ ಮತ್ತು ಕನೆಕ್ಟರ್ ನೋಡಿ, ಸುಮ್ನೆ ಹೊಸ ಕೀ ಮಾಡಿಸಬೇಡಿ. ಎಂಜಿನ್ ಕಂಪ್ಯೂಟರ್ ಬದಲಿಸಿದ್ದರೆ ಮಾತ್ರ ಇಮೊಬಿಲೈಸರ್ ಜೊತೆ ಜೋಡಿಸುವ ಕೆಲಸ ಬೇರೆಯೇ ಇದೆ. ಇನ್ನೊಂದು ಗಾಡಿಯಿಂದ ಕಿತ್ತು ತಂದದ್ದಾದರೆ ತಲೆನೋವು ಇನ್ನೂ ಜಾಸ್ತಿ.

ಹೊಸ ಲಾಕ್ ಡಬ್ಬಿಯಲ್ಲಿ ಕೀ ನಂಬರ್ ಬರೆದ ಚಿಕ್ಕ ತಗಡು ಅಥವಾ ಚೀಟಿ ಇರಬಹುದು. ಎಸೆಯದೆ ಮನೆಯಲ್ಲಿಡಿ, ಗಾಡಿಯೊಳಗೆ ಇಡಬೇಡಿ. ಲಾಕನ್ನು ಹಳೇ ಕೀಗೆ ಹೊಂದಿಸಿಕೊಂಡಿರದಿದ್ದರೆ, ಎಲ್ಲಾ ಕೀ ಕಳೆದುಹೋದರೂ ಆ ನಂಬರಿನಿಂದ ಲೋಹದ ಭಾಗ ಕತ್ತರಿಸಬಹುದು.